ಮ್ಯಾಡ್ರಿಡ್‌ನಲ್ಲಿ ಏಳು ಗಂಟೆಗೆ ಊಟವಾ?

ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ಗೆ ಹೋಗಿಬಂದ ದಂಪತಿಯೊಬ್ಬರ ಪ್ರವಾಸ ಲೇಖನ ಓದಿದೆ. ಅವರು ಸಂಜೆ ಏಳಕ್ಕೇ ಊಟಕ್ಕೆ ಹೋಗಿ, ಹೋಟೆಲ್‌ಗಳೆಲ್ಲ ಖಾಲಿ, ಮ್ಯಾಡ್ರಿಡ್‌ನಲ್ಲಿ ಕಳೆಯೇ ಇಲ್ಲ ಎಂದಿದ್ದಾರೆ. ಅಲ್ಲ ಸ್ವಾಮಿ, ಅಲ್ಲಿಯವರು ರಾತ್ರಿ ಊಟಕ್ಕೆ ಕೂರುವುದೇ ಒಂಬತ್ತರ ಮೇಲೆ. ಏಳಕ್ಕೆ ಎಷ್ಟೋ ಕಡೆ ಒಲೆಯೇ ಹಚ್ಚಿರುವುದಿಲ್ಲ.

ಆಮೇಲೆ ಲಾ ಲಾಟಿನಾ ಎಂಬ ಬಡಾವಣೆ ಕಡೆ ಹೋಗಬೇಕು. ಕಾವಾ ಬಾಹಾ ಬೀದಿಯಲ್ಲಿ ಸಾಲಾಗಿ ತಾಪಾಸ್, ಅಂದರೆ ಚಿಕ್ಕಚಿಕ್ಕ ತಿನಿಸು ಕೊಡುವ ಬಾರ್‌ಗಳಿವೆ. ಒಂದೇ ಕಡೆ ಹೊಟ್ಟೆ ತುಂಬಿಸಿಕೊಳ್ಳಬಾರದು. ಇಲ್ಲೊಂದು ತುತ್ತು, ಅಲ್ಲೊಂದು ತುತ್ತು, ನಿಂತುಕೊಂಡೇ ತಿನ್ನುತ್ತಾ ಸಾಗುವುದು. ಇವರು ಬಾಯ್ತುಂಬಾ ಹೊಗಳಿರುವ ಸಾನ್ ಮಿಗೆಲ್ ಮಾರುಕಟ್ಟೆಯ ಕಬ್ಬಿಣದ ಕಟ್ಟಡ ಚೆಂದ, ನಿಜ. ಆದರೆ ರೇಟು ಜಾಸ್ತಿ, ಪ್ರವಾಸಿಗರೇ ಹೆಚ್ಚು.

ಮಾಂಸ ತಿನ್ನದವರು ಹುಷಾರು. ಕ್ರೊಕೇತಾ ನೋಡಲು ನಮ್ಮ ಬೋಂಡಾ ಥರ, ಆದರೆ ಒಳಗೆ ಹಂದಿ ಮಾಂಸದ ಚೂರು ಇರುವುದೇ ಜಾಸ್ತಿ. ಸಾಲ್ಮೊರೇಹೊ ಎಂಬ ತಣ್ಣನೆಯ ಟೊಮೆಟೊ ಸೂಪಿನ ಮೇಲೂ ಅದನ್ನೇ ಉದುರಿಸಿರುತ್ತಾರೆ. ಸುಮ್ನೆ ಪದ್ರೋನ್ ಮೆಣಸಿನಕಾಯಿ ಕೇಳಿ. ಎಣ್ಣೆಯಲ್ಲಿ ಬಾಡಿಸಿ ಉಪ್ಪು ಉದುರಿಸಿ ಕೊಡುತ್ತಾರೆ. ಬಹುಪಾಲು ಖಾರವೇ ಇರುವುದಿಲ್ಲ, ನಡುವೆ ಒಂದೊಂದು ಚುರ್ ಎನ್ನುತ್ತದೆ.

1894ರಿಂದ ಇರುವ ಸಾನ್ ಹಿನೆಸ್ ಎಂಬ ಚಾಕೊಲೇಟ್ ಅಂಗಡಿಯಲ್ಲಿ ಚುರ್ರೋ (ಎಣ್ಣೆಯಲ್ಲಿ ಕರಿದ ಹಿಟ್ಟಿನ ಕಡ್ಡಿ), ಬಿಸಿ ಚಾಕೊಲೇಟನ್ನು ಇವರು ಬೆಳಗಿನ ತಿಂಡಿಗೆ ತಿಂದರಂತೆ. ತಪ್ಪೇನಿಲ್ಲ ಬಿಡಿ. ಆದರೆ ಕುಣಿದು ಸುಸ್ತಾದವರು ನಡುರಾತ್ರಿ ದಾಟಿದ ಮೇಲೆ ಅಲ್ಲಿಗೆ ಬರುವುದನ್ನು ನೋಡಬೇಕಿತ್ತು!