ಸೆಷನ್ ಮುಗಿದಿದೆ, ಅಮ್ಮ ಇನ್ನೂ ಹುಡುಕ್ತಿದ್ದಾಳೆ

ನಿನ್ನೆ ರಾತ್ರಿ ಮೂರನೇ ಸಲ ಅದೇ ಕೆಂಪು ಅಕ್ಷರ ಬಂತು. ‘ಯುವರ್ ಸೆಷನ್ ಹ್ಯಾಸ್ ಎಕ್ಸ್‌ಪೈರ್ಡ್.’ ನಾವು ತುಂಬಿದ್ದನ್ನು ವೆಬ್‌ಸೈಟ್ ನೆನಪಿಟ್ಟುಕೊಳ್ಳೋ ಹೊತ್ತೇ ಸೆಷನ್, ಅದು ಮುಗೀತು ಅಂತ. ಲ್ಯಾಪ್‌ಟಾಪ್ ಎತ್ತಿ ಕಿಟಕಿಯಿಂದಾಚೆ ಎಸೆಯೋಣ ಅನ್ನಿಸಿತು. ಇನ್ನೂ ನಾಲ್ಕು ಕಂತು ಬಾಕಿ ಇದೆ, ಸುಮ್ಮನಾದೆ.

ಅಮ್ಮನ ಪಿಂಚಣಿಗೆ ಸಂಬಂಧಪಟ್ಟ ಒಂದು ಅರ್ಜಿ. ಯಾವ ವೆಬ್‌ಸೈಟ್ ಅಂತ ಹೇಳಲ್ಲ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕಲ್ಲ. ಹೆಸರು, ವಿಳಾಸ, ಬ್ಯಾಂಕ್ ಖಾತೆ, ಆಧಾರ್ ಎಲ್ಲಾ ತುಂಬಿ, ಬಸ್ಸಿನ ಚಿತ್ರ ಯಾವುದು ಅಂತ ಹುಡುಕಿ ಒತ್ತಿ, ಎರಡನೇ ಪುಟಕ್ಕೆ ಬಂದರೆ ಪಿ.ಪಿ.ಓ., ಅಂದರೆ ಪಿಂಚಣಿ ಪಾವತಿ ಆದೇಶದ, ನಂಬರ್ ಕೇಳಿತು.

‘ಅಮ್ಮಾ, ಅಪ್ಪನ ಪಿ.ಪಿ.ಓ. ಎಲ್ಲಿದೆ?’

‘ಭದ್ರವಾಗಿ ಎತ್ತಿಟ್ಟಿದ್ದೀನಿ ಕಣೋ.’

ಕೆಲಸ ಕೆಟ್ಟಿತು ಅಂತ ಆಗಲೇ ಗೊತ್ತಾಯಿತು. ಅಮ್ಮ ಎಲ್ಲೋ ಇಟ್ಟಿದ್ದು ಹೇಗಾದರೂ ಸಿಗುತ್ತೆ. ಭದ್ರವಾಗಿ ಎತ್ತಿಟ್ಟಿದ್ದು ಮಾತ್ರ ಸಿಗಲ್ಲ.

ನಾನು ಇದೇ ಕಸುಬಿನವನು, ಪ್ರೋಗ್ರಾಂ ಬರೆಯೋನು. ನಾವು ಸೆಷನ್‌ನಲ್ಲಿ ಒಂದು ಆಬ್ಜೆಕ್ಟ್, ಅಂದರೆ ಮಾಹಿತಿಯ ಗಂಟು, ಇಟ್ಟರೆ ಅದಕ್ಕೊಂದು ಕೀ, ಅಂದರೆ ಹೆಸರು, ಕೊಟ್ಟಿರುತ್ತೇವೆ. ‘ಬಿಲ್’ ಅಂತ ಇಟ್ಟರೆ ‘ಬಿಲ್’ ಅಂತಲೇ ಕೇಳಬೇಕು. ‘ಬಿಲ್ಲು’ ಅಂದರೆ ಅದು ಬೈಯೋದೂ ಇಲ್ಲ, ‘ನಲ್’ ಅಂತ ಖಾಲಿ ಕೈ ತೋರಿಸುತ್ತೆ ಅಷ್ಟೆ. ಅಮ್ಮನ ಕೀಗಳೇ ಬೇರೆ.

‘ನಿಮ್ಮ ಚಿಕ್ಕಮ್ಮ ಗೂಳೂರು ಗಣಪತಿ ನೋಡೋಕೆ ಬಂದಿದ್ದಳಲ್ಲ, ಅವತ್ತು ಎತ್ತಿಟ್ಟಿದ್ದು.’

‘ಯಾವ ವರ್ಷ?’

‘ಅದೇ ಕಣೋ, ಮಳೆ ಬಂದು ಅವಳ ಚಪ್ಪಲಿ ಕಿತ್ತೋಯ್ತಲ್ಲ.’

‘ಸರಿ, ಎಲ್ಲಿಟ್ಟೆ?’

‘ಅದನ್ನೇ ಜ್ಞಾಪಿಸ್ಕೊಳ್ತಾ ಇರೋದು, ಮಧ್ಯೆ ಬಾಯಿ ಹಾಕಬೇಡ.’

ಚಪ್ಪಲಿ ಯಾವ ಬಣ್ಣ, ಯಾವ ಕಾಲಿಂದು ಕಿತ್ತಿದ್ದು, ಗೂಳೂರಲ್ಲಿ ಹೊಲಿಸಿದ್ದಕ್ಕೆ ಎಷ್ಟು ಕೊಟ್ಟರು, ಎಲ್ಲಾ ಹೇಳಿದಳು. ಕಾಗದ ಒಂದು ಬಿಟ್ಟು. ಆಮೇಲೆ ಡಬ್ಬಿಗಳು ಇಳಿದವು. ಹಾರ್ಲಿಕ್ಸ್ ಬಾಟಲಿಯಲ್ಲಿ ಅಂಗಿ ಗುಂಡಿ. ಚಪ್ಪಲಿ ಡಬ್ಬದಲ್ಲಿ ಮನೆ ಕಂದಾಯದ ರಸೀದಿ. ‘ಕಂದಾಯ’ ಅಂತ ದಪ್ಪಗೆ ಬರೆದ ಫೈಲಿನಲ್ಲಿ ಊರವರ ಮಕ್ಕಳ ಲಗ್ನಪತ್ರಿಕೆ. ಸೆಷನ್ ಕೂಡ ಹೀಗೇ ಅಲ್ವಾ, ಏನೇ ಇಟ್ಟರೂ ಅದರ ಲೆಕ್ಕಕ್ಕೆ ಬರೀ ಆಬ್ಜೆಕ್ಟ್. ಹೊರಗೆ ತೆಗೆಯುವಾಗ ಇದು ಇಂಥದ್ದು ಅಂತ ನಾವೇ ಹೇಳಬೇಕು, ತಪ್ಪು ಹೇಳಿದರೆ ಪ್ರೋಗ್ರಾಂ ಅಲ್ಲೇ ಕುಸಿದು ಕೂರುತ್ತೆ. ಅಮ್ಮ ಕುಸಿಯಲ್ಲ. ‘ಅಯ್ಯೋ, ಈ ಗುಂಡಿ ಇಲ್ಲಿದ್ಯಾ, ನಿನ್ನ ನೀಲಿ ಅಂಗಿಗೆ ಹಾಕಬೇಕಿತ್ತು’ ಅಂತ ಸೂಜಿ ದಾರ ಹುಡುಕೋಕೆ ಹೊರಡುತ್ತಾಳೆ.

ಇತ್ತ ಗಡಿಯಾರ ಓಡುತ್ತಿದೆ. ನಾನು ವೆಬ್‌ಸೈಟ್ ಕಟ್ಟೋಕೆ ಬಳಸುವ ಎ.ಎಸ್.ಪಿ. ಡಾಟ್ ನೆಟ್‌ನಲ್ಲಿ ನಾವಾಗಿ ಬದಲಾಯಿಸದಿದ್ದರೆ ಸೆಷನ್ನಿಗೆ 20 ನಿಮಿಷ ಆಯಸ್ಸು. ನೀವು ಕೀಬೋರ್ಡ್ ಎಷ್ಟು ಕುಟ್ಟಿದರೂ ಸರ್ವರ್‌ಗೆ ಗೊತ್ತಾಗಲ್ಲ. ಏನಾದರೂ ಕಳಿಸಿದರೆ ಮಾತ್ರ ನೀವು ಬದುಕಿದ್ದೀರಿ ಅಂತ ಅದು ನಂಬುತ್ತೆ. ಈ ವೆಬ್‌ಸೈಟಿನವರು ಎಷ್ಟು ಇಟ್ಟಿದ್ದಾರೋ, ನಮ್ಮಮ್ಮನ ಒಂದು ಬೀರುವಿಗೂ ಸಾಲಲಿಲ್ಲ.

ಇನ್ನೂ ಬೈಯೋಣ ಅಂದರೆ ಬಾಯಿ ಬರಲ್ಲ. ಯಾಕಂದ್ರೆ ಎರಡು ವರ್ಷದ ಹಿಂದೆ ತಿಪಟೂರಿನ ಒಂದು ಕೊಬ್ಬರಿ ಮಂಡಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಅಲ್ಲಿನ ಗುಮಾಸ್ತರು ಉಂಡೆ ಕೊಬ್ಬರಿಯ ನಲವತ್ತು ಚೀಲದ ತೂಕ ಒಂದೊಂದೇ ಹೊಡೆದು, ಟೀ ಕುಡಿದು ಬರೋಷ್ಟರಲ್ಲಿ ನಲವತ್ತೂ ಮಾಯ. ಫೋನ್ ಮಾಡಿ ‘ಸಾರ್, ನಿಮ್ ಕಂಪ್ಯೂಟ್ರಿಗೆ ಅರಳುಮರಳು’ ಅನ್ನೋರು. ಟೀಯನ್ನು ಬೇಗ ಕುಡೀರಿ ಅಂದೆ, ನಿಜವಾಗಲೂ ಹಾಗೇ ಅಂದಿದ್ದೆ. ಪಾಪ, ಟೇಬಲ್ಲಿಗೇ ಟೀ ತರಿಸಿಕೊಂಡರು. ಆಗಲೂ ಕೆಲವು ದಿನ ಮಧ್ಯದಲ್ಲೇ ಬಿಲ್ಲು ಹಾರಿಹೋಗುತ್ತಿತ್ತು. ನಾನು ಆಬ್ಜೆಕ್ಟನ್ನೆಲ್ಲ ಸರ್ವರ್‌ನ ಮೆಮೊರಿಯಲ್ಲೇ ಇಟ್ಟಿದ್ದೆ. ಡೇಟಾಬೇಸ್‌ನಲ್ಲಿ ಇಡಬಹುದಿತ್ತು, ಆದರೆ ಹಾಗೆ ಇಡೋಕೆ ಒಂದೊಂದನ್ನೂ ಹಾಸಿಗೆ ಸುತ್ತಿದ ಹಾಗೆ ಸೀರಿಯಲೈಸ್ ಮಾಡಬೇಕು, ಅಷ್ಟು ಕೆಲಸ ಯಾರು ಮಾಡ್ತಾರೆ. ಈ ಪ್ರೋಗ್ರಾಂ ಓಡಿಸೋ ಐ.ಐ.ಎಸ್. ಸರ್ವರ್ ತಾನಾಗಿ 1740 ನಿಮಿಷಕ್ಕೊಮ್ಮೆ ಪ್ರೋಗ್ರಾಮನ್ನು ಹೊಸದಾಗಿ ಎಬ್ಬಿಸುತ್ತೆ, ಮೆಮೊರಿಯಲ್ಲಿದ್ದ ಸೆಷನ್ನೆಲ್ಲ ಆಗ ಸ್ವಾಹಾ. 1740 ಅಂದರೆ 29 ಗಂಟೆ. ಇವತ್ತು ಬೆಳಿಗ್ಗೆ 6ಕ್ಕೆ ಆದರೆ ನಾಳೆ 11ಕ್ಕೆ, ನಾಳಿದ್ದು ಸಂಜೆ 4ಕ್ಕೆ. ಇದು ನನಗೆ ಹೊಳೆಯೋಕೆ ಮುಂಚೆ ಗುಮಾಸ್ತರಿಗೆ ಹೊಳೆದಿತ್ತು. ‘ಸಾರ್, ಇದು ರಾಹುಕಾಲ ಇದ್ದಂಗೆ. ದಿನಾ ಟೈಮ್ ಬದಲಾಯಿಸ್ತದೆ. ನೀವು ಮುಂಚೇನೇ ಹೇಳಿದ್ರೆ ಕ್ಯಾಲೆಂಡರ್ ಮೇಲೆ ಬರ್ಕೊಳ್ತಿದ್ದೆ.’

ಅಮ್ಮನ ಕಡೆ ಬರೋಣ. ಮೂರನೇ ಸಲ ಅರ್ಜಿ ತುಂಬುವಾಗ ಅವಳು ಬೀರುವಿನ ಕೆಳಗಿನ ಅರೆಯಿಂದ ಅಪ್ಪನ ಕನ್ನಡಕದ ಡಬ್ಬಿ ತೆಗೆದಳು. ಕನ್ನಡಕ ಇರಲಿಲ್ಲ. ಬಜಾಜ್ ಸ್ಕೂಟರಿನ ಎರಡನೇ ಕೀ ಇತ್ತು, ತುದಿಗೆ ಅಪ್ಪ ಕಟ್ಟಿದ್ದ ಕೆಂಪು ವೈರಿನ ಚೂರಿನ ಸಮೇತ. ಸ್ಕೂಟರ್ ಮಾರಿ ಹನ್ನೆರಡು ವರ್ಷ. ಅಪ್ಪ ಹೋಗಿ ಆರು. ಚಳಿಗಾಲದಲ್ಲಿ ಬೆಳಿಗ್ಗೆ ಅದನ್ನು ಪಕ್ಕಕ್ಕೆ ಓರೆ ಮಾಡಿ, ನೆಟ್ಟಗೆ ನಿಲ್ಲಿಸಿ, ಏಳೆಂಟು ಸಲ ಒದ್ದ ಮೇಲೆ ಕ್ಯಾತ್ಸಂದ್ರದವರೆಗೂ ಕೇಳೋ ಹಾಗೆ ಶುರುವಾಗುತ್ತಿತ್ತು. ಅಮ್ಮ ಕೀಯನ್ನು ಸೆರಗಿನಲ್ಲಿ ಒರೆಸಿದಳು. ನಾನೂ ಎದ್ದು ಹೋಗಿ ಪಕ್ಕದಲ್ಲಿ ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ‘ಇರಲಿ, ಇಲ್ಲೇ ಇರಲಿ’ ಅಂತ ಅಲ್ಲೇ ಹಾಕಿ ಡಬ್ಬಿ ಮುಚ್ಚಿದಳು.

ತಿರುಗಿ ಬಂದರೆ ಕೆಂಪು ಅಕ್ಷರ.

‘ಮತ್ತೆ ಹೋಯ್ತಾ?’ ಅಂದಳು.

‘ಹೂಂ. ಸ್ವಲ್ಪ ಹೊತ್ತು ಸುಮ್ನಿದ್ರೆ ಎಲ್ಲಾ ಮರೆತುಬಿಡುತ್ತೆ.’

‘ಅದ್ಯಾವ ಪುಣ್ಯಾತ್ಮ ಹಂಗೆ ಬರೆದಿರೋದು? ವಯಸ್ಸಾದವರು ಒಂದು ಕಾಗದ ಹುಡುಕೋವರೆಗೂ ಕಾಯೋಕಾಗಲ್ವಂತಾ?’

‘ಯಾರೋ ಬೆಂಗಳೂರಿನೋರು ಇರಬೇಕಮ್ಮ’ ಅಂದೆ.