ಬಿಳಿ ಸಿಮ್ಮಿನ ಮಹಾಜನರು

ಯಾವ ಖಾತೆ ಯಾವ ದೇಶದಿಂದ ನಡೆಯುತ್ತಿದೆ ಎಂಬುದನ್ನು ಎಕ್ಸ್ (ಹಿಂದಿನ ಟ್ವಿಟರ್) ಜಾಲತಾಣವು 2025ರ ನವೆಂಬರಿನಲ್ಲಿ ಎಲ್ಲರ ಕಣ್ಣಿಗೂ ಕಾಣುವಂತೆ ಮಾಡಿದ್ದೇ ತಡ, ಇರಾನಿನ ರಾಜಧಾನಿ ಟೆಹರಾನಿನ ಗಣ್ಯರ ಮಾನ ಹರಾಜಿಗೆ ಬಂತು. 2009ರಿಂದಲೂ ನಿಷೇಧದಲ್ಲಿರುವ ಈ ತಾಣಕ್ಕೆ ಅಲ್ಲಿನ ಸಾಮಾನ್ಯ ಪ್ರಜೆ ವಿಪಿಎನ್ ಎಂಬ ಕಳ್ಳಗಂಡಿಯಿಂದ ನುಸುಳಬೇಕಾದ್ದರಿಂದ ಅವನ ದೇಶ ಜರ್ಮನಿಯೆಂದೋ ನೆದರ್ಲೆಂಡ್ಸ್ ಎಂದೋ ತೋರುವುದುಂಟು. ಸಚಿವರು, ರಾಜಕಾರಣಿಗಳು, ಸರ್ಕಾರಿ ಮಾಧ್ಯಮಗಳ ಪತ್ರಕರ್ತರು ಮುಂತಾದವರ ಖಾತೆಗಳಲ್ಲಿ ಮಾತ್ರ ನೇರವಾಗಿ ‘ಇರಾನ್’ ಎಂದೇ ಇತ್ತು. ಯಾವ ನಿರ್ಬಂಧವೂ ತಾಗದ ‘ಬಿಳಿ ಸಿಮ್’ ಅವರ ಜೇಬಿನಲ್ಲಿತ್ತು.

ಅವರನ್ನು ಬೈಯುವುದು ಅನ್ಯಾಯ. ಜನರ ಪಾಲಿಗೆ ಬರಬೇಕಿದ್ದ ವಿಷವನ್ನೆಲ್ಲ ತಾವೇ ಕುಡಿದು ನೀಲಕಂಠರಾದ ತ್ಯಾಗಿಗಳು ಅವರು. ಪತ್ರಕರ್ತರಿಗೆ ವೃತ್ತಿಗಾಗಿ ಈ ಸೌಲಭ್ಯ ಬೇಕೇ ಬೇಕು ಎಂಬ ಸಮಜಾಯಿಷಿಯೂ ಬಂದಿದೆ. ಬರೆಯುವವನು ಲೋಕವನ್ನೆಲ್ಲ ನೋಡಬೇಕು, ಓದುವವನು ಅವನು ಬರೆದದ್ದನ್ನಷ್ಟೇ ನೋಡಬೇಕು ಎಂಬ ಈ ಶ್ರಮವಿಭಜನೆ ಅತ್ಯಂತ ವೈಜ್ಞಾನಿಕವಾಗಿದೆ.

ಮುಖ್ಯಸ್ಥನನ್ನು ಸರ್ವೋಚ್ಚ ನಾಯಕರೇ ನೇಮಿಸುವ ಸರ್ಕಾರಿ ಟಿವಿಯೊಂದು ಇದ್ದೇ ಇರುವಾಗ, ಪ್ರಜೆಗಳು ಬೇರೆ ಚಾನೆಲ್ ಏಕೆ ಹುಡುಕುತ್ತಾರೋ ತಿಳಿಯದು. 2016ರ ಜುಲೈನಲ್ಲಿ ಟೆಹರಾನಿನಲ್ಲಿ ಬಸೀಜ್ ಎಂಬ ಅರೆಸೇನಾ ಪಡೆಯವರು ಒಂದು ಲಕ್ಷ ಡಿಶ್ ಆಂಟೆನಾಗಳನ್ನು ಸಮಾರಂಭವನ್ನೇ ಏರ್ಪಡಿಸಿ ಪುಡಿ ಮಾಡಿದರು. ಆಗಿನ ಸಂಸ್ಕೃತಿ ಸಚಿವ ಅಲಿ ಜನ್ನತಿಯವರು, ಡಿಶ್ ನಿಷೇಧಿಸುವ ಕಾನೂನನ್ನು ಶೇಕಡಾ 70ರಷ್ಟು ಜನ ಮುರಿಯುತ್ತಿದ್ದಾರೆ, ಇದನ್ನು ತಿದ್ದುವುದೇ ಲೇಸು ಎಂದರು. ಸಂಸಾರಗಳು ಒಡೆಯುವುದಕ್ಕೆ ಡಿಶ್ಶೇ ಕಾರಣವೆಂದು ನಂಬಿದ್ದ ಪಡೆಯ ಮುಂದೆ ಹಾಗೆ ಹೇಳಲು ಧೈರ್ಯ ಬೇಕಿತ್ತು. ಅದನ್ನು ಕೇಳಿಸಿಕೊಳ್ಳಲು ಬೇಕಾದ ಕಿವಿ ಅಲ್ಲಿರಲಿಲ್ಲ.

ದೇಶ ಬಿಟ್ಟು ಹೋದವರಾದರೂ ಸುಖವಾಗಿದ್ದಾರೆಂದುಕೊಂಡರೆ ಅಲ್ಲಿಯದು ಇನ್ನೊಂದು ಪ್ರಹಸನ. ದೇಶ ಬಿಟ್ಟ ಇರಾನಿ ಪತ್ರಕರ್ತರೂ ದುಡಿಯುತ್ತಿದ್ದ, ಅಮೆರಿಕ ಸರ್ಕಾರದ ಸುದ್ದಿಸಂಸ್ಥೆ ವಾಯ್ಸ್ ಆಫ್ ಅಮೆರಿಕದ ಸಿಬ್ಬಂದಿಯನ್ನು ಟ್ರಂಪ್ ಸರ್ಕಾರ 2025ರ ಮಾರ್ಚಿನಲ್ಲಿ ರಜೆಯ ಮೇಲೆ ಮನೆಗೆ ಕಳಿಸಿತು. ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ಬಾಂಬು ಹಾಕಿದಾಗ, ಇರಾನಿನ ಭಾಷೆ ಪರ್ಷಿಯನ್ ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ತಡಕಾಡಿ ಅವರನ್ನೇ ತರಾತುರಿಯಿಂದ ಮರಳಿ ಕರೆಸಿತು. ಒಂದೇ ವಾರಕ್ಕೆ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಅವರಲ್ಲಿ ಹಲವರ ಕೈಗೆ ವಜಾ ಪತ್ರ ಬಂತು. ಸಿಗರೇಟು ಸೇದಲು ಹೊರಗೆ ಹೋದವರನ್ನು ಮತ್ತೆ ಒಳಗೆ ಬಿಡಲಿಲ್ಲವೆಂದೂ ವರದಿಯಾಯಿತು. ಧೂಮಪಾನ ಆರೋಗ್ಯಕ್ಕೆ ಹಾನಿಕರವೆಂಬುದು ಗೊತ್ತಿತ್ತು, ಪತ್ರಿಕಾ ವೃತ್ತಿಗೂ ಹಾನಿಕರವೆಂದು ಅಮೆರಿಕ ತೋರಿಸಿಕೊಟ್ಟಿತು. ಲಂಡನ್ನಿನಿಂದ ಪರ್ಷಿಯನ್ ಸುದ್ದಿ ಬಿತ್ತರಿಸುವ ಇರಾನ್ ಇಂಟರ್‌ನ್ಯಾಷನಲ್ ಚಾನೆಲಿನವರಿಗೆ ಸೌದಿ ಹಣದ ನಂಟಿನ ಆರೋಪ ಹಳೆಯದು. ಅದರ ಬಗ್ಗೆ ಎಷ್ಟು ಬೇಕಾದರೂ ಜಗಳವಾಡಬಹುದು. ಆದರೆ 2024ರ ಮಾರ್ಚಿನಲ್ಲಿ ಅದರ ನಿರೂಪಕರೊಬ್ಬರನ್ನು ಅವರ ಮನೆಯ ಹೊರಗೇ ಚಾಕುವಿನಿಂದ ಇರಿದದ್ದು ಜಗಳವಲ್ಲ.

ಇಲ್ಲಿಗೆ ನನ್ನ ನಗೆ ಮುಗಿಯಿತು. ನಿಲೂಫರ್ ಹಮೇದಿ ಬಳಸಿದ್ದೂ ಇದೇ ಟ್ವಿಟರನ್ನು. 2022ರ ಸೆಪ್ಟೆಂಬರಿನಲ್ಲಿ, ತಲೆವಸ್ತ್ರ ಸರಿಯಾಗಿ ಧರಿಸಲಿಲ್ಲವೆಂದು ಪೊಲೀಸರು ಹಿಡಿದ ಮೇಲೆ ಪ್ರಜ್ಞೆ ತಪ್ಪಿ, ಬಳಿಕ ಸತ್ತ ಯುವತಿ ಮಹ್ಸಾ ಅಮಿನಿ ಮಲಗಿದ್ದ ಆಸ್ಪತ್ರೆಗೆ ಹೋಗಿ, ಒಬ್ಬರನ್ನೊಬ್ಬರು ಅಪ್ಪಿ ನಿಂತಿದ್ದ ಅವಳ ಮನೆಯವರ ಚಿತ್ರವನ್ನು ಅವರು ಅಲ್ಲಿ ಹಾಕಿದರು. ಎಲಾಹೆ ಮೊಹಮ್ಮದಿ ಅಮಿನಿಯ ಹುಟ್ಟೂರು ಸಖೆಜ್‌ಗೆ ಹೋಗಿ ಅವಳ ಅಂತ್ಯಕ್ರಿಯೆಯನ್ನು ವರದಿ ಮಾಡಿದರು. ಇಬ್ಬರೂ ಟೆಹರಾನಿನ ಪತ್ರಿಕೆಗಳ ವರದಿಗಾರ್ತಿಯರು, ಮಾಡಿದ್ದು ವರದಿಗಾರರ ಕೆಲಸ. ಒಬ್ಬರಿಗೆ 13 ವರ್ಷ, ಇನ್ನೊಬ್ಬರಿಗೆ 12 ವರ್ಷ ಶಿಕ್ಷೆ ವಿಧಿಸಿದ ನ್ಯಾಯಾಲಯ, ಅವರು ಅಮೆರಿಕಕ್ಕೆ ನೆರವಾದರು ಎಂದಿತು. ಅದೇ ತಾಣದಲ್ಲಿ ದಿನಬೆಳಗಾದರೆ ಅಮೆರಿಕದೊಂದಿಗೆ ವಾದಕ್ಕಿಳಿಯುವ ಸಚಿವರಿಗೆ ಯಾವ ವಿಚಾರಣೆಯೂ ಇಲ್ಲ. ಸುಮಾರು ಹದಿನಾರು ತಿಂಗಳು ಒಳಗಿದ್ದು ಜಾಮೀನಿನ ಮೇಲೆ ಹೊರಬಂದ ಈ ಇಬ್ಬರ ಮೇಲೆ, ತಲೆವಸ್ತ್ರವಿಲ್ಲದೆ ಫೋಟೊ ತೆಗೆಸಿಕೊಂಡರೆಂದು ಮರುದಿನವೇ ಹೊಸ ಮೊಕದ್ದಮೆ ಬಿತ್ತು. 2025ರ ಫೆಬ್ರವರಿಯಲ್ಲಿ ಅವರನ್ನು ಕ್ಷಮಿಸಲಾಯಿತಂತೆ. ಯಾರು ಯಾರನ್ನು ಕ್ಷಮಿಸಬೇಕಿತ್ತು, ಸ್ವಾಮಿ?