ಕಡೇ ದಿನ ಭಾನುವಾರವಾಗಿತ್ತು

ತುಮಕೂರಿಗೆ ವಾಪಸ್ ಬಂದಾಗಿನಿಂದ ಸಿಕ್ಕವರೆಲ್ಲ ಕೇಳುತ್ತಿರುವುದು ಒಂದೇ ಪ್ರಶ್ನೆ. "ಮೇಡಂ, ಜರ್ಮನಿಯಲ್ಲಿ ಯಾವ ಪ್ರೈಜ್ ಬಂತು?" ಯಾವುದೂ ಬಂದಿಲ್ಲ. ಅದು ಸ್ಪರ್ಧೆಯೇ ಅಲ್ಲ ಅಂದರೆ, "ಮತ್ತೆ ಅಷ್ಟು ದೂರ ಯಾಕೆ ಹೋದ್ರಿ?" ಅಂತಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ, ಇಲ್ಲೇ ಬರೆದುಬಿಡುತ್ತೇನೆ.

ನಾನು ಗಣಿತ ಪಾಠ ಮಾಡುವವಳು. ಸಂಗೀತ ಗೊತ್ತಿಲ್ಲ. ನಮ್ಮ ಕಾಲೇಜಿನ ಗುಂಪಾಗಿ ಹಾಡುವ ತಂಡದ, ಅಂದರೆ ಕಾಯಿರ್‌ನ 22 ಮಕ್ಕಳ ಜೊತೆ ಹೋಗಿದ್ದು ಪಾಸ್‌ಪೋರ್ಟ್ ಕಾಯುವುದಕ್ಕೆ, ಬಸ್ ಹತ್ತಿಸಿ ತಲೆ ಎಣಿಸುವುದಕ್ಕೆ. ನಿಜ ಹೇಳಬೇಕು ಅಂದರೆ, ಇಷ್ಟು ದುಡ್ಡು ಸುರಿದು ಹಾಡುವುದಕ್ಕೆ ಹೋಗಬೇಕಾ ಅಂತ ಸ್ಟಾಫ್ ಮೀಟಿಂಗ್‌ನಲ್ಲಿ ಕೇಳಿದವಳೂ ನಾನೇ.

ಹತ್ತು ದಿನದ ಪ್ರವಾಸದ ಕೊನೆಯ ಊರು ಲೈಪ್‌ಜಿಗ್. ಮಕ್ಕಳು ಯೂರೋಗಳನ್ನೆಲ್ಲ ಕಡೇ ದಿನದ ಶಾಪಿಂಗಿಗೆ ಅಂತ ಜೋಪಾನ ಮಾಡಿದ್ದರು. ಗುಬ್ಬಿಯ ಒಬ್ಬ ಹುಡುಗಿ ಹದಿನಾಲ್ಕು ಜನ ನೆಂಟರಿಗೆ ಚಾಕಲೇಟ್ ಅಂತ ಪಟ್ಟಿಯನ್ನೇ ಬರೆದುಕೊಂಡಿದ್ದಳು. ಆ ದಿನ ಭಾನುವಾರ. ಅಲ್ಲಿ ಭಾನುವಾರ ಅಂಗಡಿ ತೆರೆಯುವ ಹಾಗಿಲ್ಲ, ಕಾನೂನೇ ಹಾಗೆ. ಬೀದಿಗೆ ಬೀದಿಯೇ ಬಂದ್! ರೈಲ್ವೆ ಸ್ಟೇಷನ್ ಒಳಗೆ ಒಂದೆರಡು ತೆರೆದಿದ್ದವು. ಅಲ್ಲಿ ನಮ್ಮವರು ಖಾಲಿ ನೀರಿನ ಬಾಟಲಿಗಳನ್ನು ಮಷೀನಿಗೆ ಹಾಕಿದರು. ಒಂದು ಪ್ಲಾಸ್ಟಿಕ್ ಬಾಟಲಿಗೆ, ಕೊಳ್ಳುವಾಗ ಠೇವಣಿ ಅಂತ ಕೊಟ್ಟಿದ್ದ 25 ಸೆಂಟ್ ವಾಪಸ್. ಹದಿನಾರು ಬಾಟಲಿಗೆ ನಾಲ್ಕು ಯೂರೋ ಬಂತು. ಎಣಿಸಿದ್ದು ನಾನೇ, ಬೇರೆ ಯಾರು.

ಅಂಗಡಿ ಇಲ್ಲ ಅಂದಮೇಲೆ ಸೇಂಟ್ ಥಾಮಸ್ ಚರ್ಚಿಗೇ ಇನ್ನೊಮ್ಮೆ ಹೋದೆವು. ಹಿಂದಿನ ದಿನ ಅಲ್ಲಿನ ಹುಡುಗರ ಕಾಯಿರ್ ಕೇಳಿದ್ದೆವು. ಆ ಕಾಯಿರ್ ಶುರುವಾಗಿದ್ದು 1212ರಲ್ಲಿ. ಹುಡುಗರು ಹಾಸ್ಟೆಲಿನಲ್ಲಿದ್ದು ಓದುತ್ತಾರೆ, ಹಾಡುತ್ತಾರೆ. "ನಮ್ ಸಿದ್ಧಗಂಗೆ ಥರಾನೇ ಅಲ್ವಾ ಮೇಡಂ?" ಅಂದ ಮಠದಲ್ಲಿ ಓದಿದ ಹುಡುಗ. ನನಗೆ ಹೊಳೆದೇ ಇರಲಿಲ್ಲ. ಸಂಜೆ ಮಠದ ಬಯಲಲ್ಲಿ ಸಾವಿರಾರು ಮಕ್ಕಳು ಕೂತು ಒಟ್ಟಿಗೆ ಪ್ರಾರ್ಥನೆ ಹೇಳುವುದನ್ನು ಎಷ್ಟು ಸಲ ಕೇಳಿದ್ದೇನೆ! ಅದನ್ನು ಹಾಡುಗಾರಿಕೆ ಅಂತ ಯಾವತ್ತೂ ಅಂದುಕೊಂಡಿರಲಿಲ್ಲ.

ಪಾಶ್ಚಾತ್ಯ ಸಂಗೀತದ ದೊಡ್ಡ ಹೆಸರು ಯೋಹಾನ್ ಸೆಬಾಸ್ಟಿಯನ್ ಬಾಖ್ 1723ರಿಂದ 1750ರಲ್ಲಿ ಸಾಯುವವರೆಗೂ ಅಲ್ಲೇ ಸಂಗೀತದ ಮೇಷ್ಟ್ರಾಗಿದ್ದ. ಸಮಾಧಿಯೂ ಈಗ ಆ ಚರ್ಚಿನ ಒಳಗೇ ಇದೆ. ಅದರ ಮುಂದೆ ನಿಂತು ನಮ್ಮ ಕಾಯಿರ್ ಸರ್ ಒಂದು ವಿಷಯ ಹೇಳಿದರು. 1730ರಲ್ಲಿ ಬಾಖ್ ನಗರಸಭೆಯವರಿಗೆ ಒಂದು ದೂರು ಬರೆದಿದ್ದನಂತೆ. ಅದರಲ್ಲಿ ತನ್ನ ಹುಡುಗರ ಲೆಕ್ಕವನ್ನೂ ಕೊಟ್ಟಿದ್ದ. 17 ಜನ ಹಾಡಬಲ್ಲರು, 20 ಜನ ಇನ್ನೂ ಪಳಗಬೇಕು, 17 ಜನ ಯಾವುದಕ್ಕೂ ಬರುವುದಿಲ್ಲ. ಮಕ್ಕಳು ನಕ್ಕರು. ಶಿರಾ ಕಡೆಯ ಒಬ್ಬ ಹುಡುಗ ಮಾತ್ರ ನಗಲಿಲ್ಲ. ಅವನು ಏಳನೇ ಕ್ಲಾಸಿನಲ್ಲಿದ್ದಾಗ, "ನಿನ್ ಕಂಠ ಚೆನ್ನಾಗಿಲ್ಲ, ಸುಮ್ನೆ ತುಟಿ ಆಡಿಸು" ಅಂದಿದ್ದರಂತೆ ಶಾಲೆಯಲ್ಲಿ. ಬಾಖ್ ದೊಡ್ಡವನೇ ಇರಬಹುದು. ಆ ಕೊನೆಯ ಹದಿನೇಳು ಹುಡುಗರ ಬಗ್ಗೆ ಮಾತ್ರ ನನಗೆ ಅವನ ಮೇಲೆ ಸಿಟ್ಟಿದೆ.

ಅವತ್ತು ಸಂಜೆ ಕೊನೆಯ ಕಾರ್ಯಕ್ರಮ, ಊರ ಹೊರಗಿನ ಒಂದು ಪುಟ್ಟ ಚರ್ಚಿನಲ್ಲಿ. ನಲವತ್ತು ಜನ ಇದ್ದರೆ ಹೆಚ್ಚು, ಎಲ್ಲ ವಯಸ್ಸಾದವರು. ಅಷ್ಟರಲ್ಲಿ ನಮ್ಮ ಮೇಲಿನ ದನಿಯ ಮುಖ್ಯ ಹುಡುಗಿಗೆ ಗಂಟಲು ಕಟ್ಟಿಹೋಯಿತು. ಬಿಸಿನೀರು, ಉಪ್ಪುನೀರು, ನನ್ನ ಬ್ಯಾಗಿನಲ್ಲಿದ್ದ ಶುಂಠಿ, ಯಾವುದಕ್ಕೂ ಬಗ್ಗಲಿಲ್ಲ. ಎದೆ ಡವಡವ ಅನ್ನುತ್ತಿದ್ದದ್ದು ನನಗೆ. ಸರ್ ಮಾತ್ರ, "ನೀನೂ ನಿಂತ್ಕೊಳಮ್ಮ, ಬರೋಷ್ಟು ಹಾಡು" ಅಂದರು.

ಕೊನೆಗೆ ಹಾಡಿದ್ದು ನಮ್ಮ ಕಡೆಯ ಒಂದು ಸೋಬಾನೆ ಪದ, ನಾಲ್ಕು ದನಿಗೆ ಹೊಂದಿಸಿದ್ದು. ಅದರ ಕೊನೆಯ ಸ್ವರವನ್ನು ಎಳೆದರು ನೋಡಿ, ನಾನು ಗಡಿಯಾರ ನೋಡಿದೆ, ನಲವತ್ತು ಸೆಕೆಂಡ್! ಅಷ್ಟು ಉಸಿರು ಸಾಮಾನ್ಯವಾಗಿ ಯಾರಿಗೂ ಇರುವುದಿಲ್ಲ. ಗುಟ್ಟು ಇಷ್ಟೇ: ಪಕ್ಕದವರು ಉಸಿರು ತಗೊಳ್ಳುವಾಗ ನೀನು ತಗೋಬೇಡ. ಒಬ್ಬರು ನಿಲ್ಲಿಸಿದಾಗ ಇನ್ನೊಬ್ಬರು ಹಿಡಿದಿರುತ್ತಾರೆ. ಕೇಳುವವರಿಗೆ ದಾರ ಎಲ್ಲೂ ತುಂಡಾಗುವುದಿಲ್ಲ. ಆ ಹುಡುಗಿಯ ದನಿ ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಾಗಲೇ ಇಲ್ಲ. ಎಲ್ಲರ ದನಿಯ ಕೆಳಗೆ ಗುಂಯ್ ಅಂತ ನಿಂತಿತ್ತಲ್ಲ, ಆ ದಪ್ಪ ದನಿ ತುಟಿ ಆಡಿಸು ಅನ್ನಿಸಿಕೊಂಡ ಹುಡುಗನದು.

ನಮ್ಮಲ್ಲಿ ಹಾಡು ಅಂದರೆ ಒಂದು ಮೈಕು, ಒಂದು ಮಗು. ಚೆನ್ನಾಗಿ ಹಾಡುವ ಒಬ್ಬಳನ್ನು ಆರಿಸುತ್ತೇವೆ, ಉಳಿದ ಐವತ್ತೊಂಬತ್ತು ಮಕ್ಕಳಿಗೆ ಚಪ್ಪಾಳೆಯ ಕೆಲಸ. ನನ್ನಜ್ಜಿಯ ಕಾಲದಲ್ಲಿ ಹಾಗಿರಲಿಲ್ಲ. ಮದುವೆಮನೆಯಲ್ಲಿ ಒಬ್ಬಳು ಸೊಲ್ಲು ಎತ್ತಿದರೆ ಚಪ್ಪರದಲ್ಲಿದ್ದ ಹೆಂಗಸರೆಲ್ಲ ದನಿಗೂಡಿಸುತ್ತಿದ್ದರು. ಕಂಠ ಹೇಗಿದೆ ಅಂತ ಅಜ್ಜಿಯನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ. (ಮಾಡಿದ್ದರೆ ಖಂಡಿತ ಫೇಲ್.) ಈಗ ಆ ಜಾಗಕ್ಕೆ ಡಿಜೆ ಬಂದಿದೆ. ಸಾಧಾರಣ ಕಂಠದವರು ಬಾತ್‌ರೂಮಿನಲ್ಲೂ ಮೆಲ್ಲಗೆ ಹಾಡುವ ಕಾಲ.

ಹೊರಗೆ ಬಂದಾಗ ರಾತ್ರಿ ಒಂಬತ್ತಕ್ಕೂ ಬೆಳಕಿತ್ತು. ಮಕ್ಕಳು ಬಸ್ಸು ಹತ್ತದೆ ರಸ್ತೆಯಲ್ಲೇ ಅದೇ ಪದ ಮತ್ತೆ ಶುರು ಮಾಡಿದರು. ತಲೆ ಎಣಿಸುವುದನ್ನು ಮರೆತು ನಾನೂ ಎರಡು ಸಾಲು ಹಾಡಿದೆ. ಯಾರೂ ಬೈಯಲಿಲ್ಲ.

ಶನಿವಾರ ನಾಲ್ಕು ಗಂಟೆಗೆ ಪ್ರಾಕ್ಟೀಸ್ ಮತ್ತೆ ಶುರು. ಫೈನಲ್ ಇಯರ್‌ನವರು ಹೋಗುವುದರಿಂದ ಕೆಳಗಿನ ದನಿಯಲ್ಲಿ ಎರಡು ಜಾಗ ಖಾಲಿ ಇದೆ. ಕಂಠ ಚೆನ್ನಾಗಿಲ್ಲ ಅನ್ನಿಸಿಕೊಂಡ ಹುಡುಗರು ನಮ್ಮ ಕಾಲೇಜಿನಲ್ಲಿದ್ದರೆ ಕಳಿಸಿ. ಇನ್ನು ಚಾಕಲೇಟ್ ಎಲ್ಲಿ ಅಂತ ಕೇಳುತ್ತಿರುವವರಿಗೆ ಉತ್ತರ ಮೇಲೇ ಇದೆ, ಅಂಗಡಿ ಮುಚ್ಚಿತ್ತು.